ಹಲ್ಲಿ ನುಡಿದ ವಾರ

ಆಯುಧಪೂಜೆಯ ದಿನ ಯಾರಿಗೆ ಮೊದಲ ಕುಂಕುಮ ಎಂಬ ವಿಷಯದಲ್ಲಿ ನಮ್ಮ ಮನೆಯಲ್ಲಿ ಬಹಳ ವರ್ಷ ವಿವಾದವೇ ಇರಲಿಲ್ಲ. ಈಳಿಗೆಮಣೆ, ಕತ್ತರಿ, ಹೊಲಿಗೆಯಂತ್ರ, ನನ್ನ ಸ್ಕೂಟರು, ಇವು ಹಿರಿತನದ ಕ್ರಮದಲ್ಲಿ ಸಾಲಾಗಿ ಪೂಜೆ ಮಾಡಿಸಿಕೊಳ್ಳುತ್ತಿದ್ದವು. 2008ರಲ್ಲಿ ನನ್ನ ಮೇಜಿನ ಕೆಳಗೆ ಕಂಪ್ಯೂಟರಿನ ಪೆಟ್ಟಿಗೆ ಬಂದು ಕುಳಿತ ಮೇಲೆ ಈ ಕ್ರಮ ಕೆಟ್ಟಿತು. ವಯಸ್ಸಿನಲ್ಲಿ ಎಲ್ಲಕ್ಕಿಂತ ಕಿರಿಯದಾದರೂ ಪೂಜೆಯಲ್ಲಿ ಅದೇ ಮೊದಲಿನದಾಯಿತು. ನನ್ನ ಹೆಂಡತಿ ಅದಕ್ಕೆ ವಿಭೂತಿಯ ಮೂರು ಪಟ್ಟೆ ಎಳೆದು, ನಡುವೆ ಕುಂಕುಮವಿಟ್ಟು, ಮೇಲೊಂದು ಚೆಂಡುಹೂವಿನ ಮಾಲೆ ಹಾಕಿದಳು. ಪೆಟ್ಟಿಗೆ ಆಗ ನಡೆಯುತ್ತಿತ್ತು. ಮುಂಭಾಗದ ತೂತುಗಳಿಂದ ಗಾಳಿಯನ್ನು ಒಳಗೆಳೆದುಕೊಳ್ಳುವುದು ಅದರ ಧರ್ಮ. ಗಾಳಿಯ ಜೊತೆಗೆ ವಿಭೂತಿ ಕುಂಕುಮಗಳನ್ನೂ ಅದು ಭಕ್ತಿಯಿಂದ ಸ್ವೀಕರಿಸಿತು.

ಮುಂದಿನ ಬೇಸಗೆಯಲ್ಲಿ ಯಂತ್ರ ಕುದಿಯತೊಡಗಿತು. ಅರ್ಧ ಗಂಟೆ ನಡೆದರೆ ತಾನಾಗಿಯೇ ನಿಂತುಬಿಡುವುದು. ರಿಪೇರಿಗೆ ಬಂದ ಹುಡುಗ ಪಕ್ಕದ ತಗಡನ್ನು ಬಿಚ್ಚಿ, ಒಳಗೆ ಇಣುಕಿ, "ಸಾರ್, ಇದರೊಳಗೆ ಮದುವೆ ಏನಾದರೂ ನಡೆದಿತ್ತಾ?" ಎಂದ. ಧೂಳು, ಹತ್ತಿಯಂಥ ಜುಂಗು, ಒಣಗಿದ ಹೂವಿನ ಎಸಳು, ಹಲ್ಲಿಯ ಮೊಟ್ಟೆಯ ಎರಡು ಓಡು, ಎಲ್ಲದರ ಮೇಲೂ ತೆಳ್ಳಗೆ ಕುಂಕುಮ. ಯಂತ್ರದ ಮಿದುಳಿನ ಮೇಲೆ ಕೂರಿಸಿದ ಲೋಹದ ರೆಕ್ಕೆಗಳ ನಡುವೆ ಗಾಳಿಯಾಡಲು ಸಂದಿಯೇ ಉಳಿದಿರಲಿಲ್ಲ. ಬಿಸಿ ಮಿತಿಮೀರಿದಾಗ ತನ್ನನ್ನು ತಾನೇ ನಿಲ್ಲಿಸಿಕೊಳ್ಳುವುದು ಆ ಮಿದುಳಿಗಿರುವ ವಿವೇಕ. ಎಲ್ಲ ಮಿದುಳುಗಳಿಗೂ ಆ ವಿವೇಕ ಇರುವುದಿಲ್ಲ ಎಂಬುದು ಬೇರೆ ಮಾತು.

ಯಂತ್ರದೊಳಕ್ಕೆ ಹುಳುಹುಪ್ಪಟೆ ಹೋಗುವುದು ನಮ್ಮ ದೇಶದ ಗುಣವೆಂದು ಯಾರೂ ಹೇಳಬೇಕಾಗಿಲ್ಲ. 1947ರ ಸೆಪ್ಟೆಂಬರ್ 9ರಂದು ಅಮೆರಿಕದಲ್ಲಿ ಹಾರ್ವರ್ಡ್ ಮಾರ್ಕ್ ಎರಡು ಎಂಬ ಭಾರಿ ಗಣಕಯಂತ್ರ ಕೆಟ್ಟಾಗ, ಅದರ ಒಂದು ರಿಲೇಯಲ್ಲಿ ಪತಂಗವೊಂದು ಸಿಕ್ಕಿಬಿದ್ದಿತ್ತು. ಅಲ್ಲಿಯವರು ಅದನ್ನು ತೆಗೆದು ದಿನಚರಿಯ ಪುಟಕ್ಕೆ ಅಂಟಿಸಿ ಇಟ್ಟರು. ಆ ಪುಟ ವಾಷಿಂಗ್ಟನ್ನಿನ ವಸ್ತುಸಂಗ್ರಹಾಲಯಕ್ಕೆ ಸೇರಿತು. ನಮ್ಮ ಹಲ್ಲಿಯ ಮೊಟ್ಟೆಯ ಓಡನ್ನು ಹೆಂಡತಿ ಮೊರದಲ್ಲಿ ತುಂಬಿ ಹೊರಗೆ ಚೆಲ್ಲಿದಳು.

ಆ ವರ್ಷದಿಂದ ಆಯುಧಪೂಜೆಯ ಹಿಂದಿನ ದಿನ ಪೆಟ್ಟಿಗೆಗೆ ಅಭ್ಯಂಜನ. ಗೋಡೆಯ ಪ್ಲಗ್ಗನ್ನು ಕಿತ್ತು, ಒಳಗೆ ಉಳಿದ ವಿದ್ಯುತ್ತು ಇಳಿದುಹೋಗಲೆಂದು ಗುಂಡಿಯನ್ನು ಒಂದೆರಡು ಕ್ಷಣ ಒತ್ತಿ, ಪೆಟ್ಟಿಗೆಯನ್ನು ಮಹಡಿಯ ಮೇಲಕ್ಕೆ ಒಯ್ಯುತ್ತೇನೆ. ಬಣ್ಣ ಮುಟ್ಟದ ಹೊಸ ಬ್ರಷ್ಷು ಒಂದು, ಗಾಳಿ ಊದುವ ರಬ್ಬರು ಬುರುಡೆ ಒಂದು, ಇಷ್ಟೇ ಸಲಕರಣೆ. ಊದುವಾಗ ಒಳಗಿನ ಫ್ಯಾನು ಬುಗುರಿಯಂತೆ ತಿರುಗದ ಹಾಗೆ ಅದರ ರೆಕ್ಕೆಗೆ ಒಂದು ಬೆರಳು ಅಡ್ಡ ಇಡಬೇಕು. ಕಸ ಹೀರುವ ಯಂತ್ರವನ್ನು ಹತ್ತಿರ ತರಬಾರದು. ಅದು ಹುಟ್ಟಿಸುವ ಸ್ಥಿರವಿದ್ಯುತ್ತು ಒಳಗಿನ ನಾಜೂಕು ಭಾಗಗಳನ್ನು ಸದ್ದಿಲ್ಲದೆ ಸುಟ್ಟುಬಿಡಬಹುದು. ನಮ್ಮ ಮೈಯ ಸ್ಥಿರವಿದ್ಯುತ್ತೂ ಅಷ್ಟೆ, ಅದಕ್ಕಾಗಿ ಒಳಗೆ ಕೈಯಿಡುವ ಮೊದಲು ಪೆಟ್ಟಿಗೆಯ ಬರಿಯ ಲೋಹವನ್ನೊಮ್ಮೆ ಮುಟ್ಟಬೇಕು. ಮಾರನೆಯ ದಿನ ಕುಂಕುಮವನ್ನು ಒಂದು ಕಾಗದಕ್ಕೆ ಹಚ್ಚಿ ಪೆಟ್ಟಿಗೆಯ ನೆತ್ತಿಗೆ ಅಂಟಿಸುವುದೆಂದು ನಮ್ಮಿಬ್ಬರಲ್ಲಿ ಒಪ್ಪಂದವಾಗಿದೆ.

ಯಂತ್ರದ ಕಾಯಿಲೆಗಳಲ್ಲಿ ಮುಕ್ಕಾಲು ಪಾಲು ಇಂಥ ಕ್ಷುಲ್ಲಕ ಕಾರಣದವು ಎಂಬುದು ನನಗೆ ಕ್ರಮೇಣ ತಿಳಿಯಿತು. ಒಂದು ಬೆಳಿಗ್ಗೆ ಗುಂಡಿ ಒತ್ತಿದರೆ ಫ್ಯಾನು ತಿರುಗುತ್ತದೆ, ದೀಪ ಹತ್ತುತ್ತದೆ, ಪರದೆ ಮಾತ್ರ ಕಪ್ಪು. ಒಳಗಿನಿಂದ ಕೀಂ ಕೀಂ ಎಂದು ಕೂಗು. ಅದೇ ಹುಡುಗ ಬಂದ. ಬೆರಳುದ್ದದ ಒಂದು ಹಸಿರು ಪಟ್ಟಿಯನ್ನು ಕಿತ್ತು (ಅದನ್ನು ರ‍್ಯಾಮ್ ಎನ್ನುತ್ತಾರೆ, ಯಂತ್ರ ಕೆಲಸ ಮಾಡುತ್ತಿರುವಾಗ ವಿಷಯವನ್ನು ನೆನಪಿಟ್ಟುಕೊಳ್ಳುವುದು ಇದರಲ್ಲಿ), ನನ್ನ ಮೊಮ್ಮಗನ ಪೆನ್ಸಿಲ್ ಡಬ್ಬಿಯಿಂದ ರಬ್ಬರು ತೆಗೆದುಕೊಂಡು ಅದರ ಹೊಂಬಣ್ಣದ ಅಂಚನ್ನು ಮೆಲ್ಲಗೆ ಉಜ್ಜಿ, ಪುಡಿ ಒರೆಸಿ, ಮತ್ತೆ ಕಟ್ಟೆಂದು ಕೂರಿಸಿದ. ಪರದೆ ಬೆಳಗಿತು. ಐನೂರು ರೂಪಾಯಿ ಕೊಟ್ಟೆ. ರಬ್ಬರು ನಮ್ಮದೇ ಆಗಿತ್ತೆಂದು ಹೆಂಡತಿ ಈಗಲೂ ನೆನಪಿಸುತ್ತಾಳೆ.

2014ರ ಮಳೆಗಾಲದಲ್ಲಿ ಬ್ಯಾಂಕಿನ ಜಾಲತಾಣ ತೆರೆಯಲೊಲ್ಲದು. ಈ ತಾಣ ನಂಬತಕ್ಕದ್ದಲ್ಲ ಎಂದು ಪರದೆಯ ತುಂಬ ಎಚ್ಚರಿಕೆ. ಜೀವಮಾನದ ಉಳಿತಾಯ ಮುಳುಗಿತೇನೋ ಎಂದು ಎದೆ ಹಾರಿ, ಛತ್ರಿ ಹಿಡಿದು ಬ್ಯಾಂಕಿಗೇ ನಡೆದುಹೋದೆ. ಬ್ಯಾಂಕು ಇದ್ದಲ್ಲಿಯೇ ಇತ್ತು. ಗುಮಾಸ್ತೆ ಕಾಫಿ ಕುಡಿಯುತ್ತಿದ್ದಳು. ಮನೆಗೆ ಬಂದು ಸಮಾಧಾನದಿಂದ ನೋಡಿದರೆ ಪರದೆಯ ಮೂಲೆಯಲ್ಲಿ ತಾರೀಖು 2008ರ ಜನವರಿ 1. ಯಂತ್ರ ಆರಿಸಿದ್ದಾಗಲೂ ಅದರ ಗಡಿಯಾರ ನಡೆಯುವಂತೆ ಒಳಗೊಂದು ನಾಣ್ಯದಂಥ ಬ್ಯಾಟರಿ ಇರುತ್ತದೆ. ಹೆಸರು ಸಿ.ಆರ್. 2032; ಇಪ್ಪತ್ತು ಮಿಲಿಮೀಟರು ಅಗಲ, 3.2 ಮಿಲಿಮೀಟರು ದಪ್ಪ ಎಂಬುದನ್ನೇ ಆ ಅಂಕಿ ಹೇಳುತ್ತದೆ, 3 ವೋಲ್ಟು. ಅದು ತೀರಿಕೊಂಡಿತ್ತು. ಪ್ರತಿಯೊಂದು ಬ್ಯಾಂಕಿನ ತಾಣವೂ ತನ್ನ ಪ್ರಾಮಾಣಿಕತೆಗೆ ಒಂದು ಯೋಗ್ಯತಾಪತ್ರ ತೋರಿಸುತ್ತದೆ. ಅದಕ್ಕೆ ಇಂಥ ದಿನದಿಂದ ಇಂಥ ದಿನದವರೆಗೆ ಎಂದು ಅವಧಿ ಉಂಟು. 2008ರಲ್ಲಿ ಬದುಕುತ್ತಿದ್ದ ನನ್ನ ಯಂತ್ರದ ಲೆಕ್ಕದಲ್ಲಿ ಆ ಪತ್ರ ಇನ್ನೂ ಹುಟ್ಟಿಯೇ ಇರಲಿಲ್ಲ. ಹಳೆಯ ಕಾಲದಲ್ಲೇ ನಿಂತವರು ಹೊಸಬರನ್ನೆಲ್ಲ ಕಳ್ಳರೆನ್ನುವುದು ಸಹಜವಲ್ಲವೆ? ಗಡಿಯಾರದ ಅಂಗಡಿಯಲ್ಲಿ ಕೆಲವೇ ಹತ್ತು ರೂಪಾಯಿಗೆ ಬ್ಯಾಟರಿ ಸಿಕ್ಕಿತು.

ಇನ್ನೊಂದು ಪ್ರಸಂಗಕ್ಕೆ ಕಾರಣ ಕೊಬ್ಬರಿ ಚಟ್ನಿ. ವಿದ್ಯುತ್ತು ಹೋಗಿತ್ತು, ಬಾಗಿಲಲ್ಲಿ ನೆಂಟರು. ಕಂಪ್ಯೂಟರಿಗಾಗಿ ಇಟ್ಟಿದ್ದ ಯು.ಪಿ.ಎಸ್. ಪೆಟ್ಟಿಗೆಯಲ್ಲಿ ಕರೆಂಟು ಇದೆಯೆಂದು ಬಲ್ಲ ನನ್ನ ಹೆಂಡತಿ ಮಿಕ್ಸಿಯನ್ನು ಅದಕ್ಕೇ ಚುಚ್ಚಿದಳು. 600 ವೋಲ್ಟ್-ಆಂಪಿಯರಿನ ಆ ಡಬ್ಬ ಕೊಡಬಲ್ಲದ್ದು ಸುಮಾರು 360 ವಾಟು. ಮಿಕ್ಸಿ ಕೇಳಿದ್ದು 750. ಒಂದು ಚೀರಾಟ ಕೇಳಿಸಿತು, ಆಮೇಲೆ ಮೌನ. ಚಟ್ನಿಯೂ ಆಗಲಿಲ್ಲ, ನಾನು ಬರೆಯುತ್ತಿದ್ದ ಕಾಗದವೂ ಉಳಿಯಲಿಲ್ಲ. ಯು.ಪಿ.ಎಸ್.ನ ಬ್ಯಾಟರಿ ನಮ್ಮ ಸೆಕೆಯಲ್ಲಿ ಮೂರು ವರ್ಷಕ್ಕಿಂತ ಹೆಚ್ಚು ಬಾಳಿದರೆ ಪುಣ್ಯ. ತಿಂಗಳಿಗೊಮ್ಮೆ, ಬರೆದದ್ದನ್ನೆಲ್ಲ ಉಳಿಸಿಕೊಂಡು, ಗೋಡೆಯ ಸ್ವಿಚ್ಚನ್ನು ಬೇಕೆಂದೇ ಆರಿಸಿ ಅದಕ್ಕೆ ದಮ್ಮಿದೆಯೇ ಎಂದು ನೋಡುವುದೊಳ್ಳೆಯದು.

ಇಷ್ಟು ವಿದ್ಯೆ ಬಂದಮೇಲೆ ನಾನು ನಮ್ಮ ಬೀದಿಯ ವೈದ್ಯನಾದೆ. ನನ್ನ ಬಳಿ ಇದ್ದದ್ದು ಹೆಚ್ಚಾಗಿ ಒಂದೇ ಔಷಧ: ಮುಚ್ಚಿ ಮತ್ತೆ ತೆರೆಯಿರಿ. ಜನ ನಗುತ್ತಾರೆ, ಆದರೆ ಅದು ಸುಮ್ಮನೆ ಹೇಳುವ ಮಾತಲ್ಲ. ದಿನಗಟ್ಟಲೆ ನಡೆದ ಯಂತ್ರದ ರ‍್ಯಾಮಿನಲ್ಲಿ ಮುಗಿದ ಕೆಲಸಗಳ ಎಂಜಲೆಲೆಗಳು ಹಾಗೆಯೇ ಬಿದ್ದಿರುತ್ತವೆ. ಪಂಕ್ತಿ ಎಬ್ಬಿಸಿ ಗುಡಿಸಿದರೆ ಮುಂದಿನ ಪಂಕ್ತಿಗೆ ಜಾಗ. ಇದರಲ್ಲಿ ಒಂದು ಸೂಕ್ಷ್ಮವಿದೆ. 2012ರಲ್ಲಿ ವಿಂಡೋಸ್ 8 ಬಂದಂದಿನಿಂದ, ಬೇಗ ಎದ್ದೇಳಲೆಂದು, 'ಶಟ್ ಡೌನ್' ಎಂದಾಗ ಯಂತ್ರ ಪೂರ್ತಿ ಮುಚ್ಚುವುದಿಲ್ಲ. ವ್ಯವಸ್ಥೆಯ ತಿರುಳನ್ನು ಹಾಗೆಯೇ ಡಿಸ್ಕಿನಲ್ಲಿ ಬರೆದಿಟ್ಟು ಬೆಳಿಗ್ಗೆ ಅದನ್ನೇ ಎತ್ತಿಕೊಳ್ಳುತ್ತದೆ. ನಿಜವಾಗಿ ಗುಡಿಸಬೇಕಾದರೆ 'ರೀಸ್ಟಾರ್ಟ್' ಎನ್ನಬೇಕು. ದಿನವೂ ಮುಚ್ಚುತ್ತೇನೆ, ಆದರೂ ನಿಧಾನ ಎಂದು ಗೋಳಾಡುವವರಿಗೆ ಈ ಒಂದು ಮಾತು ಹೇಳಿ ನಾನು ಎಷ್ಟೋ ಲೋಟ ಕಾಫಿ ಗಳಿಸಿದ್ದೇನೆ.

ನಿವೃತ್ತ ಮೇಷ್ಟರೊಬ್ಬರ ಮನೆಗೆ ಹೀಗೆಯೇ ಹೋದಾಗ, ಅವರು ಫೋನು ಕಿವಿಗಿಟ್ಟುಕೊಂಡು ಯಾರೋ ಹೇಳಿದಂತೆ ಗುಂಡಿ ಒತ್ತುತ್ತಿದ್ದರು. ನಿಮ್ಮ ಯಂತ್ರಕ್ಕೆ ವೈರಸ್ ತಗುಲಿದೆ, ಇಲ್ಲಿಂದಲೇ ಸರಿಪಡಿಸುತ್ತೇವೆ ಎಂದನಂತೆ ಆತ. ನಾನು ಮಾಡಿದ್ದು ಇಂಟರ್ನೆಟ್ಟಿನ ತಂತಿ ಕೀಳುವುದೊಂದೇ. ಕೆಟ್ಟದ್ದು ನಮಗೇ ತಿಳಿಯದಿರುವಾಗ ದೂರದ ಅಪರಿಚಿತನಿಗೆ ಹೇಗೆ ತಿಳಿಯಿತು ಎಂದು ಮೇಷ್ಟರು ಆಮೇಲೆ ತಾವೇ ಕೇಳಿಕೊಂಡರು. ಹಣ ಹೋಗಿರಲಿಲ್ಲ, ಹೋಗಿದ್ದರೆ ತಡಮಾಡದೆ 1930 ಎಂಬ ಸಂಖ್ಯೆಗೆ ಕರೆ ಮಾಡಬೇಕಾಗಿತ್ತು.

ವೈದ್ಯನಿಗೆ ಜಂಬ ಬಂದಮೇಲೆ ಸ್ವಂತ ಮನೆಯ ರೋಗ ಕಾಣಿಸುವುದಿಲ್ಲ. 2022ರ ಜನವರಿ, ಅವರೆಕಾಯಿಯ ಕಾಲ. ಊಟದ ಮನೆಯಲ್ಲಿ ನಾವಿಬ್ಬರೂ ಕುಳಿತು ಕಾಳು ಹಿದುಕುತ್ತ, ಈ ಬೇಸಗೆಯಲ್ಲಿ ಮಗಳು ಬಂದೇ ಬರುತ್ತಾಳೆ ಎಂದು ಹೆಂಡತಿ ಅನ್ನುವುದಕ್ಕೂ ಪಕ್ಕದ ಕೋಣೆಯಿಂದ ಲೊಚ್ ಲೊಚ್ ಎಂದು ಕೇಳಿಸುವುದಕ್ಕೂ ಸರಿಹೋಯಿತು. "ನೋಡಿದಿರಾ, ಹಲ್ಲಿ ನುಡೀತು!" ಎಂದು ಅವಳು ನೆಲಕ್ಕೆ ಬೆರಳು ಕುಟ್ಟಿ ಕೃಷ್ಣ ಕೃಷ್ಣ ಎಂದಳು. ಮರುದಿನವೂ ನುಡಿಯಿತು. ಒಂದು ವಾರ ಆ ಹಲ್ಲಿ ನಮ್ಮ ಮನೆಯ ಎಲ್ಲ ಮಾತಿಗೂ ಸತ್ಯವೆಂದು ಮುದ್ರೆ ಒತ್ತುತ್ತಿತ್ತು. ಕಂಪ್ಯೂಟರು ಸ್ವಲ್ಪ ನಿಧಾನವಾಗಿದೆ, ಕಡತ ತೆರೆಯಲು ತಿಣುಕುತ್ತಿದೆ ಎಂಬುದನ್ನು ಗಮನಿಸಿದ್ದೆ. ಸಂಕ್ರಾಂತಿ ಕಳೆಯಲಿ ಎಂದುಕೊಂಡೆ. ಎಂಟನೆಯ ದಿನ ಪರದೆಯ ಮೇಲೆ ಒಂದು ಸಾಲು ಇಂಗ್ಲಿಷು ಬಂತು: ಡಿಸ್ಕು ಸಿಗುತ್ತಿಲ್ಲ. ಪೆಟ್ಟಿಗೆಯ ಪಕ್ಕದಲ್ಲಿ ಮೊಣಕಾಲೂರಿ ಕಿವಿಯಿಟ್ಟೆ. ಹಲ್ಲಿ ಅದರೊಳಗಿತ್ತು.

ಆ ಡಿಸ್ಕಿನಲ್ಲಿ ಏನಿತ್ತೆಂದು ಹೇಳದೆ ಮುಂದಿನ ಕಥೆ ಅರ್ಥವಾಗುವುದಿಲ್ಲ. ನನ್ನ ಅಕ್ಕನನ್ನು ಅರಕಲಗೂಡಿನ ಕಡೆಯ ಒಂದು ಹಳ್ಳಿಗೆ ಕೊಟ್ಟಿತ್ತು. ಅವಳಿಗೆ ಹಸೆಯ ಹಾಡು, ಆರತಿಯ ಹಾಡು, ಬೀಗರನ್ನು ಹೀಯಾಳಿಸುವ ಹಾಡು, ಎಷ್ಟು ಬರುತ್ತಿತ್ತೆಂಬುದು ಅವಳಿಗೇ ಗೊತ್ತಿರಲಿಲ್ಲ. 2011ರಿಂದ ಮೂರು ಬೇಸಗೆ ಅವಳು ನಮ್ಮ ಮನೆಗೆ ಬಂದಾಗ ನಾನು ಅವಳು ಹೇಳಿದ್ದನ್ನು ಟೈಪು ಮಾಡಿದೆ. ಅರವತ್ತನಾಲ್ಕು ಹಾಡು. ಹನ್ನೊಂದನ್ನು ಅವಳ ಕಂಠದಲ್ಲೇ ಧ್ವನಿಮುದ್ರಿಸಿಕೊಂಡು ಪೆಟ್ಟಿಗೆಗೆ ಇಳಿಸಿದೆ. "ಇದರೊಳಗೆ ಹಾಕಿಬಿಟ್ಟರೆ ಎಂದಿಗೂ ಹೋಗೋದಿಲ್ಲ ಅಕ್ಕ" ಎಂದು ನಾನು ಹೇಳಿದ್ದೆ. 2019ರಲ್ಲಿ ಅವಳು ತೀರಿಕೊಂಡಳು.

ಡಿಸ್ಕಿನ ಒಳಗೆ ಕನ್ನಡಿಯಂಥ ತಟ್ಟೆಗಳು ನಿಮಿಷಕ್ಕೆ 7,200 ಸುತ್ತು ತಿರುಗುತ್ತವೆ. ಅವುಗಳ ಮೇಲೆ, ತಾಕದೆ, ಕೂದಲಿನ ದಪ್ಪದ ಸಾವಿರದಲ್ಲೊಂದು ಪಾಲಿಗಿಂತಲೂ ಕಡಿಮೆ ಎತ್ತರದಲ್ಲಿ ಓದುವ ಕಡ್ಡಿ ತೇಲುತ್ತಿರುತ್ತದೆ. ಕಡ್ಡಿಗೆ ತನ್ನ ಜಾಗ ಗುರುತು ಹತ್ತದಿದ್ದರೆ ಅದು ಮೂಲೆಗೆ ಮರಳಿ, ಮತ್ತೆ ಹೊರಟು, ಮತ್ತೆ ಮರಳುತ್ತದೆ. ಹಾಗೆ ಮರಳುವ ಸದ್ದೇ ಆ ಲೊಚಗುಟ್ಟುವಿಕೆ. ಈ ಸದ್ದು ಕೇಳಿದ ಕ್ಷಣವೇ ಯಂತ್ರವನ್ನು ಆರಿಸಿ ಮತ್ತೆ ಹಚ್ಚದಿರಬೇಕು. ಕೆಟ್ಟ ಕಡ್ಡಿ ತಟ್ಟೆಯನ್ನು ಗೀಚಿದರೆ, ಗೀಚಿದ ಕಡೆ ಬರೆದದ್ದು ಯಾರಿಗೂ ಮತ್ತೆ ಸಿಗದು. ನಾನು ಅಂದು ಬೆಳಗಿನಿಂದ ಸಂಜೆಯವರೆಗೆ ಕಡಿಮೆಯೆಂದರೂ ಇಪ್ಪತ್ತು ಸಲ ಹಚ್ಚಿದೆ. ಬೀದಿಗೆಲ್ಲ ಹಂಚುತ್ತಿದ್ದ ನನ್ನ ದಿವ್ಯೌಷಧ ಅದೇ ತಾನೆ.

ಡಿಸ್ಕನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಒಂದು ರಾತ್ರಿ ಫ್ರಿಜ್ಜಿನ ಮಂಜಿನ ಅರೆಯಲ್ಲಿಡಿ, ಬದುಕುತ್ತದೆ ಎಂದು ಪಕ್ಕದ ಮನೆಯವರು ಹೇಳಿದರು. ನಾನು ಇಡುವವನೇ. ಹಿದುಕಿದ ಬೇಳೆ ತುಂಬಿದೆ, ಜಾಗವಿಲ್ಲ ಎಂದು ಹೆಂಡತಿ ಖಂಡಿತವಾಗಿ ಹೇಳಿದ್ದರಿಂದ ಅಪಾಯ ತಪ್ಪಿತು. ತಣ್ಣಗಾದ ಡಿಸ್ಕು ಹೊರಗೆ ಬಂದಾಗ ಒಳಗೆಲ್ಲ ಬೆವರುತ್ತದೆ. ನೀರಹನಿ ಬಿದ್ದ ತಟ್ಟೆಯ ಮೇಲೆ ಕಡ್ಡಿ ತೇಲಲಾರದು.

ಮರುದಿನ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದೆ. ಆ ಓಣಿಗಳಲ್ಲಿ ಕಂಪ್ಯೂಟರಿನ ಅಂಗಾಂಗಗಳೆಲ್ಲ ತರಕಾರಿಯಂತೆ ಗುಡ್ಡೆಬಿದ್ದಿರುತ್ತವೆ. ಒಂದು ಇಕ್ಕಟ್ಟಿನ ಅಂಗಡಿಯ ಹುಡುಗ ಡಿಸ್ಕನ್ನು ಕೈಯಲ್ಲಿ ತಿರುಗಿಸಿ ನೋಡಿ, ಸದ್ದು ಹೇಗಿತ್ತೆಂದು ಕೇಳಿ, ಎಷ್ಟು ಸಲ ಹಚ್ಚಿದಿರಿ ಎಂದ. ನಾಲ್ಕೈದು ಸಲ ಎಂದು ಸುಳ್ಳು ಹೇಳಿದೆ. ಅವನು ನಂಬಲಿಲ್ಲ.

"ಹೊಸ ಡಿಸ್ಕಿಗೆ ಮೂರು ಸಾವಿರ ಸಾರ್. ಇದರೊಳಗೆ ಇರೋದಕ್ಕೆ ಎಷ್ಟು ಅಂತ ನೀವೇ ಹೇಳಬೇಕು."

ಇದೇ ಮಾದರಿಯ ಇನ್ನೊಂದು ಡಿಸ್ಕನ್ನು ಹುಡುಕಿ, ಧೂಳಿನ ಕಣವೂ ಇಲ್ಲದ ಕೋಣೆಯಲ್ಲಿ ಎರಡನ್ನೂ ಬಿಚ್ಚಿ, ಅದರ ಕಡ್ಡಿಯನ್ನು ಇದಕ್ಕೆ ಕೂಡಿಸಿ ಓದಬೇಕು. ಮೂರು ವಾರ, ಇಪ್ಪತ್ತಾರು ಸಾವಿರ, ಏನೂ ಬಾರದಿರಲೂಬಹುದು. ಹೆಂಡತಿ ಚೌಕಾಸಿ ಮಾಡದೆ ಒಪ್ಪಿದ ಲೆಕ್ಕ ನನ್ನ ಸಂಸಾರದಲ್ಲಿ ಇದೊಂದೇ.

ಆ ಮೂರು ವಾರ ನಾನು ನಿದ್ದೆಗೆಟ್ಟು ಯೋಚಿಸಿದ್ದು ಒಂದೇ. ಈ ಹಾಡುಗಳು ಇಷ್ಟು ಕಾಲ ಉಳಿದದ್ದು ಹೇಗೆ? ಓದುಬರಹವಿಲ್ಲದ ಹೆಂಗಸರ ನಡುವೆ, ಒಂದೊಂದು ಹಾಡಿಗೂ ಹತ್ತಾರು ಗಂಟಲಲ್ಲಿ ಪ್ರತಿ ಇತ್ತು; ಒಬ್ಬಳು ಹೋದರೆ ಇನ್ನೊಬ್ಬಳು ಹೇಳುತ್ತಿದ್ದಳು, ಹೆಣ್ಣನ್ನು ಕೊಟ್ಟ ಊರಿಗೆಲ್ಲ ಹಾಡೂ ಹೋಗುತ್ತಿತ್ತು. ಅವನ್ನು ತಂದು ಒಂದು ಪೆಟ್ಟಿಗೆಯ ಒಂದು ಡಿಸ್ಕಿನಲ್ಲಿಟ್ಟು, ಉಳಿಸಿದೆನೆಂದುಕೊಂಡವನು ನಾನು. ಓದುಬರಹ ಬಲ್ಲವನು!

ಡಿಸ್ಕು ತನ್ನ ಅನಾರೋಗ್ಯದ ದಿನಚರಿಯನ್ನು ತಾನೇ ಬರೆದಿಡುತ್ತದೆ, ಕೆಟ್ಟ ಜಾಗಗಳೆಷ್ಟು ಎಂದು ಎಣಿಸಿಡುತ್ತದೆ ಎಂಬುದೂ ನನಗೆ ಆಗಲೇ ತಿಳಿದದ್ದು. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶ ಅದನ್ನು ಓದಿ, ಆರೋಗ್ಯವಾಗಿದ್ದರೆ ನೀಲಿ, ಶಂಕೆಯಿದ್ದರೆ ಹಳದಿ ಬಣ್ಣ ತೋರಿಸುತ್ತದೆ. ಈಗಿನ ಯಂತ್ರಗಳಲ್ಲಿ ತಿರುಗುವ ತಟ್ಟೆಗೆ ಬದಲು ಎಸ್.ಎಸ್.ಡಿ. ಇರುತ್ತದೆ, ಅದರಲ್ಲಿ ತಿರುಗುವುದು ಏನೂ ಇಲ್ಲ, ಬಹಳ ಚುರುಕು. ಆದರೆ ಅದು ಸಾಯುವಾಗ ಲೊಚಗುಟ್ಟುವುದೂ ಇಲ್ಲ.

ಮೂರು ವಾರದ ಮೇಲೆ ಹುಡುಗ ಒಂದು ಪೆನ್ ಡ್ರೈವ್ ಕೊಟ್ಟ. ಹಾಡಿನ ಕಡತಗಳೆಲ್ಲ ಬಂದಿವೆ ಎಂದ. ಹೊಸ ಯಂತ್ರದಲ್ಲಿ ತೆರೆದರೆ ಒಂದಕ್ಷರ ಕನ್ನಡವಿಲ್ಲ. ಪುಟದ ತುಂಬ ಟೋಪಿ ಹಾಕಿದ, ಚುಕ್ಕೆಯಿಟ್ಟ ರೋಮನ್ ಅಕ್ಷರಗಳ ಗೊಜ್ಜು. ಕಡತ ಕೆಟ್ಟಿದೆ ಎಂದು ಅಳಿಸಿಹಾಕುವುದರಲ್ಲಿದ್ದೆ. ಓದುಗರಲ್ಲಿ ಹಲವರ ಹಳೆಯ ಕಾಗದಪತ್ರ, ಮದುವೆಯ ಲಗ್ನಪತ್ರಿಕೆ, ಪ್ರಬಂಧಗಳು ಇದೇ ಸ್ಥಿತಿಯಲ್ಲಿರಬಹುದು, ಆದ್ದರಿಂದ ಹೇಳುತ್ತೇನೆ. ನಾವು ಹಿಂದೆ ನುಡಿ, ಬರಹ ಮುಂತಾದ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪು ಮಾಡುತ್ತಿದ್ದಾಗ, ಇಂಗ್ಲಿಷ್ ಅಕ್ಷರಗಳ ಸಂಖ್ಯೆಗಳ ಮೇಲೆ ಕನ್ನಡದ ಆಕಾರವನ್ನು ಹೊದಿಸಿ ಕೂರಿಸಿದ್ದರು. ಫಾಂಟು ಇರುವವರೆಗೆ ಕನ್ನಡ; ಹೊದಿಕೆ ಜಾರಿದರೆ ಒಳಗಿನ ರೋಮನ್ ಮೈ. ಯುನಿಕೋಡಿನಲ್ಲಿ 1991ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ 128 ಸ್ವಂತ ಮನೆಗಳಿವೆ. ಅದರಲ್ಲಿ ಬರೆದದ್ದು ಫಾಂಟು ಬದಲಾದರೂ ಕನ್ನಡವಾಗಿಯೇ ಉಳಿಯುತ್ತದೆ. ಹಳೆಯದನ್ನು ಇದಕ್ಕೆ ತಿರುಗಿಸುವ ಪರಿವರ್ತಕಗಳು ಉಚಿತವಾಗಿ ದೊರೆಯುತ್ತವೆ. ಪರಿವರ್ತಿಸಿದ ಮೇಲೆ ಅರ್ಕಾವತ್ತು ಸ್ಥಳ ತಪ್ಪಿರಬಹುದು, ಒಮ್ಮೆ ಕೂತು ಓದಬೇಕು. ನಾನು ಓದಿದೆ. ಅರವತ್ತನಾಲ್ಕೂ ಇದ್ದವು.

ಧ್ವನಿ ಮಾತ್ರ ಅಷ್ಟು ಬರಲಿಲ್ಲ. ಹನ್ನೊಂದರಲ್ಲಿ ನಾಲ್ಕು ಪೂರ್ತಿ ಬಂದವು. ಐದನೆಯದು ಎರಡು ನುಡಿ ನಡೆದು, ಮೂರನೆಯ ನುಡಿಗೆ ಅಕ್ಕ ಉಸಿರೆಳೆದುಕೊಳ್ಳುವಲ್ಲಿಗೆ ನಿಲ್ಲುತ್ತದೆ. ಉಳಿದವು ಇಲ್ಲ. ನಾನು ಅಂದು ಹಚ್ಚಿದ ಇಪ್ಪತ್ತು ಸಲದಲ್ಲಿ ಯಾವ ಸಲ ಯಾವುದು ಹೋಯಿತೋ.

ಈಗ ಪ್ರತಿಯೊಂದಕ್ಕೂ ಮೂರು ಪ್ರತಿ. ಒಂದು ಯಂತ್ರದಲ್ಲಿ, ಒಂದು ಬೇರೆ ಡಿಸ್ಕಿನಲ್ಲಿ, ಅದನ್ನು ಪ್ರತಿ ಮಾಡುವಾಗ ಮಾತ್ರ ಚುಚ್ಚಿ ಆಮೇಲೆ ಬೀರುವಿನಲ್ಲಿಡುವುದು (ಕಡತಗಳಿಗೆ ಬೀಗ ಜಡಿದು ಹಣ ಕೇಳುವ ವೈರಸ್ಸು, ಚುಚ್ಚಿದ್ದ ಡಿಸ್ಕನ್ನೂ ಬಿಡುವುದಿಲ್ಲ), ಇನ್ನೊಂದು ಧಾರವಾಡದಲ್ಲಿ ಅಕ್ಕನ ಮಗಳ ಮನೆಯಲ್ಲಿ. ಪ್ರತಿ ಮಾಡಿದ್ದನ್ನು ಆಗಾಗ ತೆರೆದು ನೋಡುತ್ತೇನೆ. ತೆರೆದು ನೋಡದ ಪ್ರತಿ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಹೋದ ಬೇಸಗೆಯಲ್ಲಿ ಅಕ್ಕನ ಮಗಳನ್ನು ಕರೆದುಕೊಂಡು ಆ ಹಳ್ಳಿಗೆ ಹೋಗಿದ್ದೆ. ಅಕ್ಕನ ಗೆಳತಿಯೊಬ್ಬರು ಇದ್ದಾರೆ, ಎಂಬತ್ತು ದಾಟಿದೆ. ಐದನೆಯ ಹಾಡಿನ ಮಾತುಗಳನ್ನು ಓದಿ ಹೇಳಿದೆ. ಅವರು ಜಗಲಿಯ ಕಂಬಕ್ಕೆ ಒರಗಿ ಅದನ್ನು ಕೊನೆಯವರೆಗೆ ಹೇಳಿದರು, ಧಾಟಿ ಬೇರೆ. ಕೇಳಿದರೆ, "ಇದು ನಮ್ಮೂರ ಧಾಟಿ ಕಣಪ್ಪ. ನಿಮ್ಮಕ್ಕ ಹೇಳ್ತಿದ್ದದ್ದು ಅವಳ ತೌರಿಂದು. ನಿಂಗೇ ಬರಬೇಕಲ್ಲ?" ಎಂದರು.

ಮನೆಗೆ ಬಂದ ರಾತ್ರಿ ಅವರ ಹಾಡಿಗೆ ಮೂರು ಪ್ರತಿ ಮಾಡಿದೆ. ಆಮೇಲೆ ಕೋಣೆಯ ಬಾಗಿಲು ಹಾಕಿಕೊಂಡು, ಫೋನನ್ನು ಮುಂದಿಟ್ಟುಕೊಂಡು, ನಮ್ಮಮ್ಮನೂ ಅಕ್ಕನೂ ಹೇಳುತ್ತಿದ್ದ ಧಾಟಿಯಲ್ಲಿ ಮೂರನೆಯ ನುಡಿಯನ್ನು ನೆನಪಿದ್ದಷ್ಟು ಹಾಡಿದೆ. ಎರಡು ಸಾಲು ಆಗುವುದರೊಳಗೆ ಹೆಂಡತಿ ಗಾಬರಿಯಿಂದ ಬಾಗಿಲು ತಟ್ಟಿದಳು. ಪೆಟ್ಟಿಗೆ ಮತ್ತೆ ಸದ್ದು ಮಾಡುತ್ತಿದೆ, ಬೇಗ ಆರಿಸಿ ಎಂದಳು.